ಮಗಳ ಮೊದಲ ಗೇಮಿಂಗ್ ಕಂಪ್ಯೂಟರ್‌ಗೆ ಯಾವ ಪ್ರೊಸೆಸರ್ ಹಾಕಿಸಲಿ? ಅಂಗಡಿಯವರು ಐ7 ಅಂತಿದ್ದಾರೆ

ಬೆಣ್ಣೆದೋಸೆ_ಊರು
ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದೇನೆ. ಕಂಪ್ಯೂಟರ್‌ನಲ್ಲಿ ಟ್ಯಾಲಿ ಬಿಟ್ಟರೆ ನನಗೆ ಜಾಸ್ತಿ ಗೊತ್ತಿಲ್ಲ. ಮಗಳಿಗೆ 11 ವರ್ಷ, ಆರನೇ ಕ್ಲಾಸು. ಎರಡು ವರ್ಷದಿಂದ ನನ್ನ ಫೋನಿನಲ್ಲೇ ಮೈನ್‌ಕ್ರಾಫ್ಟ್ ಆಡುತ್ತಿದ್ದಾಳೆ. ಅದರಲ್ಲಿ ನಮ್ಮ ಅಂಗಡಿಯನ್ನೇ ಕಟ್ಟಿದ್ದಾಳೆ, ಮೇಲೆ ಬೋರ್ಡು ಸಮೇತ. ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಕಂಪ್ಯೂಟರ್ ಕೊಡಿಸುತ್ತೇನೆ ಅಂತ ಮಾತು ಕೊಟ್ಟಿದ್ದೇನೆ. ಪರೀಕ್ಷೆ ಮುಗಿಯಿತು.

ಮಾನಿಟರ್ ಸೇರಿ 50,000 ರೂಪಾಯಿ ಇಟ್ಟುಕೊಂಡಿದ್ದೇನೆ. ಮೂರು ಕಡೆ ವಿಚಾರಿಸಿದೆ.

ಮೊದಲನೇ ಅಂಗಡಿ: ಐ7, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್ ಕಾರ್ಡ್, ಬಣ್ಣದ ಲೈಟ್ ಇರುವ ಕ್ಯಾಬಿನೆಟ್. ಮಾನಿಟರ್ ಬಿಟ್ಟು 28,000.
ಎರಡನೇ ಅಂಗಡಿ: ರೈಜನ್ 5 5600ಜಿ, 16 ಜಿಬಿ. ಗ್ರಾಫಿಕ್ಸ್ ಕಾರ್ಡ್ ಇಲ್ಲ. ಮಾನಿಟರ್ ಸೇರಿ 48,500.
ಮೂರನೇದು: ಐ3 12100ಎಫ್, 3050 ಕಾರ್ಡ್. ಮಾನಿಟರ್ ಸೇರಿ 60,000 ದಾಟುತ್ತದೆ.

ಐ7 ಅಂದರೆ ಐ3ಗಿಂತ ದೊಡ್ಡದು ಅಲ್ವಾ? ಅದೇ ಇಷ್ಟು ಕಡಿಮೆಗೆ ಸಿಗುತ್ತದೆ ಅಂದರೆ ತೆಗೆದುಕೊಳ್ಳಬಹುದಾ? ಮಗಳು ಆಡೋದು ಮೈನ್‌ಕ್ರಾಫ್ಟ್, ರೋಬ್ಲಾಕ್ಸ್. ಪಕ್ಕದ ಮನೆ ಹುಡುಗ ವ್ಯಾಲೊರಂಟ್ ಆಡೋದನ್ನು ನೋಡಿ ಅದರ ಮೇಲೂ ಕಣ್ಣಿಟ್ಟಿದ್ದಾಳೆ.

ರಾತ್ರಿಪಾಳಿ
ಸರ್, ಮುಂಗಡ ಕೊಟ್ಟಿಲ್ಲ ತಾನೇ? ಐ7 ಆದಮೇಲೆ ಬರುವ ನಂಬರ್ ಏನು ಅಂತ ಕೇಳಿ ಇಲ್ಲಿ ಹಾಕಿ. ಅಲ್ಲಿಯವರೆಗೂ ಒಂದು ರೂಪಾಯಿ ಕೊಡಬೇಡಿ.

ಹಳೇ_ಸಾಕೆಟ್
28 ಸಾವಿರಕ್ಕೆ ಗ್ರಾಫಿಕ್ಸ್ ಕಾರ್ಡ್ ಸಮೇತ ಐ7 ಅಂದರೆ ನೋಡೋದೇ ಬೇಡ, ಎರಡನೇ ಅಥವಾ ಮೂರನೇ ಜನರೇಶನ್. ಕಾರ್ಡು ಜಿಟಿ 730 ಇರುತ್ತದೆ.

ಬೆಣ್ಣೆದೋಸೆ_ಊರು
ಈಗಷ್ಟೇ ಫೋನ್ ಮಾಡಿದೆ. ಐ7 3770 ಅಂದರು. ಕಾರ್ಡು ಜಿಟಿ 730. ನೀವು ಹೇಳಿದ ಹಾಗೇ ಇದೆ. ಆದರೆ "ಐ7 ಯಾವತ್ತಿದ್ದರೂ ಐ7 ಸರ್" ಅಂದರು.

ಚಿಪ್‌ಹುಳು
ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು, ಯಾಕೆಂದರೆ ಇದೇ ಮಾತಿಗೆ ಎಷ್ಟೋ ಅಪ್ಪ ಅಮ್ಮಂದಿರು ದುಡ್ಡು ಕಳೆದುಕೊಳ್ಳುತ್ತಿದ್ದಾರೆ.

ಐ3, ಐ5, ಐ7 ಅನ್ನೋದು ಇಂಟೆಲ್ ಕಂಪನಿಯ ಆಯಾ ವರ್ಷದ ಸಾಲಿನಲ್ಲಿ ಯಾವುದು ಚಿಕ್ಕದು, ಯಾವುದು ದೊಡ್ಡದು ಅಂತ ತೋರಿಸುತ್ತದೆ ಅಷ್ಟೇ. ಬೇರೆ ಬೇರೆ ವರ್ಷದ ಚಿಪ್‌ಗಳನ್ನು ಆ ಅಂಕಿ ಇಟ್ಟುಕೊಂಡು ಹೋಲಿಸೋಕೆ ಆಗಲ್ಲ. ಅದರ ಮುಂದಿನ ನಂಬರ್ ನೋಡಿ. 3770ರಲ್ಲಿ ಮೊದಲ 3 ಅಂದರೆ ಮೂರನೇ ಜನರೇಶನ್, ಬಂದದ್ದು 2012ರಲ್ಲಿ. ನಿಮ್ಮ ಮಗಳಿಗಿಂತ ಹಳೆಯದು. 12100ರಲ್ಲಿ ಮೊದಲ ಎರಡು ಅಂಕಿ 12, ಅಂದರೆ ಹನ್ನೆರಡನೇ ಜನರೇಶನ್, 2022ರದ್ದು. ಎರಡಕ್ಕೂ 4 ಕೋರ್ (ಕೆಲಸ ಮಾಡುವ ಘಟಕ), 8 ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಸಾಲು). ಆದರೆ ಒಂದೊಂದು ಕೋರ್ ಮಾಡುವ ಕೆಲಸ ನೋಡಿದರೆ ಹೊಸ ಐ3 ಆ ಹಳೇ ಐ7 ಅನ್ನು ಆರಾಮಾಗಿ ಹಿಂದೆ ಹಾಕುತ್ತದೆ. ಮೈನ್‌ಕ್ರಾಫ್ಟ್‌ನಲ್ಲಿ ಕಂಪ್ಯೂಟರ್‌ಗೆ ಮಾತ್ರ ಇರುವ ಜಾವಾ ಎಡಿಷನ್‌ಗೆ ಬೇಕಾಗಿರೋದೂ ಅದೇ. ಅದರ ಮುಖ್ಯ ಕೆಲಸವೆಲ್ಲ ಹೆಚ್ಚುಕಡಿಮೆ ಒಂದೇ ಕೋರಿನ ತಲೆ ಮೇಲೆ ಬೀಳುತ್ತದೆ.

ಇನ್ನೊಂದು ವಿಷಯ. 3770ಕ್ಕೆ ವಿಂಡೋಸ್ 11 ಅಧಿಕೃತವಾಗಿ ಹಾಕೋಕೆ ಬರಲ್ಲ. ಇಂಟೆಲ್‌ನಲ್ಲಿ 8ನೇ ಜನರೇಶನ್‌ನಿಂದ ಮೇಲೆ ಇರಬೇಕು. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ರಲ್ಲಿ ವ್ಯಾಲೊರಂಟ್ ಆಡಬೇಕಾದರೆ ಟಿಪಿಎಂ 2.0, ಸೆಕ್ಯೂರ್ ಬೂಟ್ ಅನ್ನುವ ಎರಡು ಭದ್ರತಾ ವ್ಯವಸ್ಥೆಗಳೂ ಆನ್ ಇರಬೇಕು. ಆ ಹಳೇ ಬೋರ್ಡಿನಲ್ಲಿ ಅದು ಆಗದ ಮಾತು.

ರಾತ್ರಿಪಾಳಿ
+1. ಜಿಟಿ 730 ಬಂದದ್ದು 2014ರಲ್ಲಿ. 4 ಜಿಬಿ ಅಂತ ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುತ್ತಾರೆ. 5600ಜಿ ಒಳಗೇ ಇರುವ ಗ್ರಾಫಿಕ್ಸ್ ಅದಕ್ಕಿಂತ ಜೋರಾಗಿದೆ.

ತುಂಗಾತೀರ
ನನಗೂ ಇದೇ ಆಗಿತ್ತು. ಕೊರೊನಾ ಟೈಮಲ್ಲಿ ತಮ್ಮನಿಗೆ ಅಂತ "ಐ5 ಗೇಮಿಂಗ್ ಪಿಸಿ" ತೆಗೆದುಕೊಂಡೆ. ಅಂಗಡಿ ಹೆಸರು ಬೇಡ. ಮನೆಗೆ ತಂದು ನೋಡಿದರೆ ಎರಡನೇ ಜನರೇಶನ್. ವಾಪಸ್ ತೆಗೆದುಕೊಳ್ಳಲಿಲ್ಲ, ಬಿಲ್ಲಿನಲ್ಲಿ ಬರೀ "ಐ5 ಸಿಪಿಯು ಸೆಟ್" ಅಂತ ಬರೆದಿದ್ದರು. ತಮ್ಮ ಏನೂ ಅನ್ನಲಿಲ್ಲ, ಅದರಲ್ಲೇ ಎರಡು ವರ್ಷ ಓಡಿಸಿದ. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಬಿಲ್ಲಿನಲ್ಲಿ ಪೂರ್ತಿ ಮಾಡೆಲ್ ನಂಬರ್ ಬರೆಸಿ ಸರ್. ಅಂಗಡಿಯಲ್ಲೇ ಆನ್ ಮಾಡಿಸಿ, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್‌ಗೆ ಹೋದರೆ ಪ್ರೊಸೆಸರ್ ಹೆಸರು ಬಲಗಡೆ ಮೇಲೆ ಕಾಣುತ್ತದೆ.

ಕುಂದಾನಗರಿ
ಹಾಗಂತ ಸೆಕೆಂಡ್ ಹ್ಯಾಂಡ್ ಎಲ್ಲವೂ ಕೆಟ್ಟದ್ದು ಅಂತಲ್ಲ ರೀ. ಕಚೇರಿಗಳಿಂದ ಬಂದ ಐ5 8500 ಕಂಪ್ಯೂಟರ್ ಸಿಗುತ್ತವೆ. 2018ರದ್ದು, 6 ಕೋರ್, ವಿಂಡೋಸ್ 11 ನಡೆಯುತ್ತದೆ. ಅದಕ್ಕೆ ಬೇರೆ ಕರೆಂಟ್ ಕೇಬಲ್ ಬೇಡದ ಸಣ್ಣ 3050 6 ಜಿಬಿ ಕಾರ್ಡ್ ಹಾಕಿ ನನ್ನ ಅಕ್ಕನ ಮಗನಿಗೆ ಕೊಟ್ಟಿದ್ದೇನೆ. ಖುಷಿಯಾಗಿದ್ದಾನೆ.

ಚಿಪ್‌ಹುಳು
ಅದು ಸರಿ. ಆದರೆ ಆ ಕಂಪನಿ ಡಬ್ಬಗಳ ಎಸ್‌ಎಂಪಿಎಸ್ (ಒಳಗೆ ಕರೆಂಟ್ ಕೊಡುವ ಪೆಟ್ಟಿಗೆ), ಮದರ್‌ಬೋರ್ಡ್ (ಎಲ್ಲ ಭಾಗ ಕೂರುವ ಮುಖ್ಯ ಬೋರ್ಡು) ಎಲ್ಲ ಅವರದೇ ಅಳತೆಯವು. ಒಂದು ಕೆಟ್ಟರೆ ಪೇಟೆಯ ಮಾಮೂಲಿ ಸಾಮಾನು ಕೂರಲ್ಲ. ಗೊತ್ತಿರುವವರು ಮನೆಯಲ್ಲಿದ್ದರೆ ಸರಿ, ಟ್ಯಾಲಿ ಮಾತ್ರ ಗೊತ್ತಿರುವವರಿಗೆ ನಾನು ಹೇಳಲ್ಲ.

ಕುಂದಾನಗರಿ
ಒಪ್ಪಿದೆ. ನಾನು ಹತ್ತಿರ ಇದ್ದೀನಿ ಅಂತ ಆ ಹುಡುಗನಿಗೆ ನಡೀತಿದೆ.

ಗೇಮ್‌ಭಂಡಾರ
ಮೂರನೇದಕ್ಕೆ ನನ್ನ ಓಟು. ಗೇಮಿಂಗ್ ಅಂದಮೇಲೆ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಹೇಗೆ? ಇನ್ನೊಂದು ಹತ್ತು ಸಾವಿರ ಸೇರಿಸಿ ಸರ್, ಒಂದೇ ಸಲ ಮುಗಿಯಲಿ.

ಟೀಚರಕ್ಕ
"ಇನ್ನೊಂದು ಹತ್ತು ಸಾವಿರ" ಅನ್ನೋದು ಸುಲಭ ಕಣಪ್ಪ. ಅವರು 50 ಅಂದಿದ್ದಾರೆ, 50ರಲ್ಲಿ ಹೇಳಿ.

ಕಡಲಮಗ
12100ಎಫ್ ಬಗ್ಗೆ ಒಂದು ಎಚ್ಚರಿಕೆ. ಕೊನೆಯಲ್ಲಿರುವ ಎಫ್ ನೋಡಿದಿರಾ? ಎಫ್ ಇದ್ದರೆ ಪ್ರೊಸೆಸರ್ ಒಳಗೆ ಗ್ರಾಫಿಕ್ಸ್ ಇಲ್ಲ ಅಂತ ಅರ್ಥ. ಕಾರ್ಡ್ ಹಾಕದೆ ಮಾನಿಟರ್‌ಗೆ ಚಿತ್ರವೇ ಬರಲ್ಲ. ನಮ್ಮ ಪರಿಚಯದವರೊಬ್ಬರು "ಕಾರ್ಡ್ ಆಮೇಲೆ ತೆಗೆದುಕೊಂಡರಾಯಿತು" ಅಂತ ಎಫ್ ಪ್ರೊಸೆಸರ್ ತಂದುಬಿಟ್ಟರು. ಫ್ಯಾನ್ ತಿರುಗುತ್ತಿದೆ, ಲೈಟ್ ಉರಿಯುತ್ತಿದೆ, ಪರದೆ ಕಪ್ಪು. ಮೂರು ದಿನ ಮಾನಿಟರ್ ಕೆಟ್ಟಿದೆ ಅಂತಲೇ ತಲೆ ಕೆಡಿಸಿಕೊಂಡಿದ್ದರು. ರೈಜನ್ ಮಾಡುವ ಎಎಂಡಿ ಕಂಪನಿಯಲ್ಲಿ 5600ಜಿಯ ಜಿ ಅಂದರೆ ಆಟ ಆಡುವಷ್ಟು ಗ್ರಾಫಿಕ್ಸ್ ಒಳಗೇ ಇದೆ ಅಂತ. ಬರೀ 5600, 5500 ಅಂದರೆ ಇಲ್ಲ.

ಗೇಮ್‌ಭಂಡಾರ
ಆದರೆ ಬರೀ 7600ರಲ್ಲಿ ಗ್ರಾಫಿಕ್ಸ್ ಇದೆಯಲ್ಲ?

ಕಡಲಮಗ
ಹೌದು, ರೈಜನ್ 7000 ಸಾಲಿನ ಮಾಮೂಲಿ ಡೆಸ್ಕ್‌ಟಾಪ್ ಚಿಪ್‌ಗಳಿಗೆ ಪುಟ್ಟದೊಂದು ಕೊಟ್ಟಿದ್ದಾರೆ. ಪರದೆ ತೋರಿಸೋಕೆ ಸಾಕು, ಆಟಕ್ಕೆ ಸಾಲದು. ನಾನು ಹೇಳಿದ್ದು 5000 ಸಾಲಿಗೆ. ಅದನ್ನು ಬರೆಯಬೇಕಿತ್ತು, ಥ್ಯಾಂಕ್ಸ್.

ಬೆಣ್ಣೆದೋಸೆ_ಊರು
ಇಷ್ಟು ಬೇಗ ಇಷ್ಟೊಂದು ಉತ್ತರ! ಐ7 ಕೈಬಿಟ್ಟೆ. ಆದರೆ ಮೊದಲನೇ ಅಂಗಡಿಯವರು ಇನ್ನೊಂದು ಮಾತು ಹೇಳಿದರು. ಎಎಂಡಿ ಬೇಡ, ಬಿಸಿಯಾಗಿ ಸುಟ್ಟುಹೋಗುತ್ತದೆ, ನಮ್ಮೂರ ಬೇಸಿಗೆಗೆ ತಡೆಯಲ್ಲ ಅಂತ. ನಿಜವಾ?

ಹಳೇ_ಸಾಕೆಟ್
ಹತ್ತು ವರ್ಷದ ಹಿಂದಿನ ಮಾತು ಅದು, ಇನ್ನೂ ಅಂಗಡಿಗಳಲ್ಲಿ ಓಡುತ್ತಿದೆ. ಎಎಂಡಿಯ ಎಫ್‌ಎಕ್ಸ್ ಚಿಪ್‌ಗಳು ಬಿಸಿಯಾಗುತ್ತಿದ್ದದ್ದು ನಿಜ. 2013ರ ಎಫ್‌ಎಕ್ಸ್ 9590 ಅಂತೂ 220 ವ್ಯಾಟ್. ನಾನೇ ಆಗ ಎಫ್‌ಎಕ್ಸ್ 8350 ಇಟ್ಟುಕೊಂಡಿದ್ದೆ, ಚಳಿಗಾಲದಲ್ಲಿ ಬೆಕ್ಕು ಕ್ಯಾಬಿನೆಟ್ ಮೇಲೆಯೇ ಮಲಗುತ್ತಿತ್ತು. ಆದರೆ 2017ರಲ್ಲಿ ರೈಜನ್ ಬಂದಮೇಲೆ ಕಥೆಯೇ ಬದಲಾಯಿತು. 5600ಜಿ 65 ವ್ಯಾಟ್ ಚಿಪ್. ಅವರು ಮಾರೋಕೆ ಹೊರಟ ಐ7 3770 ಇದೆಯಲ್ಲ, ಅದು 77 ವ್ಯಾಟ್.

ಹುಬ್ಳಿ_ಗಿರ್ಮಿಟ್
ಹಂಗ ನೋಡಿದ್ರ ಈಚೆಗೆ ತೊಂದ್ರಿ ಆಗಿದ್ದು ಇಂಟೆಲ್‌ದ್ದಲ್ಲೇನ್ರಿ? 13, 14ನೇ ಜನರೇಶನ್ ಹ್ಯಾಂಗ್ ಆಗಿ ಗೇಮ್ ಬಂದ್ ಬೀಳ್ತಿದ್ವು.

ಚಿಪ್‌ಹುಳು
ಹೌದು, 2024ರಲ್ಲಿ ದೊಡ್ಡ ಸುದ್ದಿಯಾಯಿತು. ಚಿಪ್ ತನಗೆ ಬೇಕಾದದ್ದಕ್ಕಿಂತ ಹೆಚ್ಚು ವೋಲ್ಟೇಜ್ ಕೇಳುತ್ತಿತ್ತು, ಅದರಿಂದ ಒಳಗೇ ಹಾಳಾಗುತ್ತಿತ್ತು. ಇಂಟೆಲ್ ಬಯೋಸ್ (ಮದರ್‌ಬೋರ್ಡ್ ಒಳಗಿನ ಮೂಲ ಸಾಫ್ಟ್‌ವೇರ್) ಮೂಲಕ ತಿದ್ದುಪಡಿ ಕೊಟ್ಟಿತು, ಆ ಚಿಪ್‌ಗಳಿಗೆ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಆದರೆ 12ನೇ ಜನರೇಶನ್‌ಗೆ ಆ ಸಮಸ್ಯೆ ಇರಲಿಲ್ಲ. 12100, 12400 ಬಗ್ಗೆ ಹೆದರೋದು ಬೇಡ. ಸುಮ್ನೆ ಇಂಟೆಲ್ ಎಲ್ಲ ಕೆಟ್ಟದ್ದು ಅಂತ ಹಬ್ಬಿಸಿದರೆ ನಾವೂ ಆ ಅಂಗಡಿಯವರ ಹಾಗೇ ಆಗುತ್ತೇವೆ.

ಹುಬ್ಳಿ_ಗಿರ್ಮಿಟ್
ಬರೋಬ್ಬರಿ.

ಸಿಲಿಕಾನ್_ಸುಬ್ಬಿ
ಸ್ವಲ್ಪ ಬೇರೆ ವಿಷಯ. ಎರಡೂ ಕಂಪನಿಗಳ ಚಿಪ್ ಡಿಸೈನ್ ಕೆಲಸದಲ್ಲಿ ನಮ್ಮ ಬೆಂಗಳೂರಿನ ಪಾಲು ದೊಡ್ಡದಿದೆ. ಎಎಂಡಿ ತನ್ನ ಅತಿ ದೊಡ್ಡ ಡಿಸೈನ್ ಕೇಂದ್ರವನ್ನು 2023ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲೇ ತೆರೆದದ್ದು. ಇಂಟೆಲ್‌ನವರದೂ ಇಲ್ಲಿ ದೊಡ್ಡ ಕೇಂದ್ರ ಇದೆ. ನಾನೂ ಚಿಪ್ ಪರೀಕ್ಷೆ ಮಾಡುವ ಕೆಲಸದಲ್ಲೇ ಇದ್ದೇನೆ, ಬೇರೆ ಕಂಪನಿ. ಮಗಳಿಗೆ ಡಬ್ಬ ಬಿಚ್ಚುವಾಗ ಇದನ್ನು ಹೇಳಿ ಸರ್. ಈ ಕೆಲಸ ಮಾಡುವವರು ದಾವಣಗೆರೆಯಿಂದ ನಾಲ್ಕೈದು ಗಂಟೆ ದೂರದಲ್ಲೇ ಕೂತಿದ್ದಾರೆ ಅಂತ ಗೊತ್ತಾಗಲಿ.

ಗೇಮ್‌ಭಂಡಾರ
ನಾನು ಮತ್ತೆ ಹೇಳುತ್ತೇನೆ. 5600ಜಿ ಈಗ ತೆಗೆದುಕೊಂಡು ಮುಂದೆ ಕಾರ್ಡ್ ಹಾಕಿದರೆ ಪೂರ್ತಿ ಲಾಭ ಸಿಗಲ್ಲ. ಅದರಲ್ಲಿ ಎಲ್3 ಕ್ಯಾಶ್ (ಚಿಪ್ ಒಳಗಿನ ವೇಗದ ಮೆಮೊರಿ) 16 ಎಂಬಿ ಮಾತ್ರ, 5600ರಲ್ಲಿ 32 ಎಂಬಿ. ಕಾರ್ಡಿಗೆ ಹೋಗುವ ದಾರಿ, ಅಂದರೆ ಪಿಸಿಐ ಎಕ್ಸ್‌ಪ್ರೆಸ್ ಕೂಡ ಹಳೇ 3.0, 4.0 ಅಲ್ಲ. ಆರ್‌ಎಕ್ಸ್ 6500 ಎಕ್ಸ್‌ಟಿ ಥರದ 4 ಲೇನ್ ಕಾರ್ಡ್ ಹಾಕಿದರೆ ಹೊಡೆತ ಗ್ಯಾರಂಟಿ.

ರಾತ್ರಿಪಾಳಿ
ಹಾಗಾದರೆ 6500 ಎಕ್ಸ್‌ಟಿ ಹಾಕಬೇಡಿ ಅನ್ನೋಣ. 8 ಲೇನಿನ ಆರ್‌ಎಕ್ಸ್ 6600 ಹಾಕಿದರೆ ವ್ಯತ್ಯಾಸ ಅಷ್ಟೇನೂ ಇರಲ್ಲ. ನಮ್ಮ ಮನೆಯಲ್ಲಿ ಇದೇ ಜೋಡಿ ಇದೆ. 11 ವರ್ಷದ ಮಗು ಸೆಕೆಂಡಿಗೆ 60 ಫ್ರೇಮ್ (ಚಿತ್ರ), 70 ಫ್ರೇಮ್ ಅಂತ ಲೆಕ್ಕ ಹಾಕುತ್ತಾ ಕೂರಲ್ಲ.

ಗೇಮ್‌ಭಂಡಾರ
ಕೂರುತ್ತೆ ಅಣ್ಣ. ನನ್ನ ತಂಗಿಗೆ 12 ವರ್ಷ, ಫ್ರೇಮ್ ಬಿದ್ದರೆ ನನಗಿಂತ ಮೊದಲು ಅವಳಿಗೇ ಗೊತ್ತಾಗುತ್ತೆ.

ಎಎಂ5_ಅಭಿಮಾನಿ
ಯಾರೂ ಎಎಂ5 ಹೆಸರೇ ಎತ್ತುತ್ತಿಲ್ಲ ಯಾಕೆ? 5600ಜಿ ಕೂರುವ ಎಎಂ4 ಸಾಕೆಟ್ 2016ರಿಂದ ಬಂದದ್ದು. 2022ರಲ್ಲಿ ಎಎಂ5 ಬಂತು. 2027 ಮತ್ತು ಅದರಾಚೆಗೂ ಅದಕ್ಕೆ ಬೆಂಬಲ ಕೊಡುತ್ತೇವೆ ಅಂತ ಎಎಂಡಿಯೇ ಹೇಳಿದೆ. ರೈಜನ್ 5 8600ಜಿ ಹಾಕಿಸಿ. ಒಳಗಿರುವ ರೇಡಿಯಾನ್ 760ಎಂ ಗ್ರಾಫಿಕ್ಸ್, 5600ಜಿಯ ಹಳೇ ವೇಗಾ ಗ್ರಾಫಿಕ್ಸ್‌ಗಿಂತ ಎಷ್ಟೋ ಮುಂದಿದೆ. ನಾಳೆ ಮಗಳು ಪಿಯುಸಿಗೆ ಬಂದಾಗ ಅದೇ ಬೋರ್ಡಿಗೆ ಹೊಸ ಪ್ರೊಸೆಸರ್ ಹಾಕಬಹುದು.

ಹಳೇ_ಸಾಕೆಟ್
ಚಿಪ್ ಒಳ್ಳೆಯದೇ, ಇಲ್ಲ ಅನ್ನಲ್ಲ. ಆದರೆ ಎಎಂ5ಗೆ ಡಿಡಿಆರ್5 ರ‍್ಯಾಮೇ ಬೇಕು. 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿದ್ದು ನೋಡಿದ್ದೀರಲ್ಲ, ಎಐ ಸರ್ವರ್‌ಗಳಿಗೆ ಅಂತ ಕಂಪನಿಗಳು ಮೆಮೊರಿಯನ್ನೆಲ್ಲ ಅತ್ತ ತಿರುಗಿಸಿಬಿಟ್ಟವು. ಚಿಪ್, ಬೋರ್ಡ್, ರ‍್ಯಾಮ್ ಮೂರೂ ಸೇರಿದರೆ ಮಾನಿಟರ್‌ಗೆ ದುಡ್ಡು ಉಳಿಯಲ್ಲ.

ಎಎಂ5_ಅಭಿಮಾನಿ
8500ಜಿ ಆದರೆ ಸ್ವಲ್ಪ ಇಳಿಯುತ್ತದೆ.

ಹಳೇ_ಸಾಕೆಟ್
ಇಳಿಯುತ್ತದೆ, ಅದರ ಗ್ರಾಫಿಕ್ಸೂ ಇಳಿಯುತ್ತದೆ. 740ಎಂ ಅದು. ಅಷ್ಟಕ್ಕೆ ಡಿಡಿಆರ್5 ದುಡ್ಡು ಕೊಡೋದು ನನಗೆ ಸರಿ ಕಾಣಲ್ಲ. ಬಜೆಟ್ 65 ಆಗಿದ್ದರೆ ನಿಮ್ಮ ಮಾತೇ ಸರಿ.

ಎಎಂ5_ಅಭಿಮಾನಿ
ಸರಿ, 50ಕ್ಕೆ ನಾನು ಸೋತೆ. ಆದರೆ ಓದುವ ಬೇರೆಯವರಿಗೆ ಗೊತ್ತಿರಲಿ ಅಂತ ಹೇಳಿದೆ.

ಟೀಚರಕ್ಕ
ನನ್ನದು ಪ್ರೊಸೆಸರ್ ಬಗ್ಗೆ ಅಲ್ಲ. ವ್ಯಾಲೊರಂಟ್‌ಗೆ ಯುರೋಪಿನ ರೇಟಿಂಗ್‌ನಲ್ಲಿ 16 ವರ್ಷ ಅಂತಿದೆ. ಗುಂಡು ಹಾರಿಸೋದಕ್ಕಿಂತ ನನಗೆ ಹೆದರಿಕೆ ವಾಯ್ಸ್ ಚಾಟ್. ನಾನು ಹೈಸ್ಕೂಲ್ ಟೀಚರ್, ಮಕ್ಕಳು ಅಲ್ಲಿಂದ ಕಲಿತು ಬರುವ ಬೈಗುಳ ಕೇಳಿದ್ದೇನೆ. ರೋಬ್ಲಾಕ್ಸ್‌ನಲ್ಲೂ ಚಾಟ್ ಇದೆ, ಅಪ್ಪ ಅಮ್ಮನ ಖಾತೆ ಜೋಡಿಸಿ ಅದನ್ನು ಬಿಗಿ ಮಾಡಬಹುದು. ಮೊದಲ ದಿನವೇ ಮಾಡಿ. ಕಂಪ್ಯೂಟರ್ ಹಾಲಿನಲ್ಲಿ ಇಡಿ, ಅವಳ ರೂಮಿನಲ್ಲಿ ಬೇಡ.

ಗೇಮ್‌ಭಂಡಾರ
ಮೇಡಂ, ಹಾಲಿನಲ್ಲಿಟ್ಟರೆ ಟಿವಿ ಸೌಂಡಿಗೆ ಆಡೋಕೆ ಆಗುತ್ತಾ?

ಟೀಚರಕ್ಕ
ಟಿವಿ ಸೌಂಡ್ ಕಡಿಮೆ ಮಾಡಿಕೊಳ್ಳಲಿ. ಮಗು ಆಡುವಾಗ ದೊಡ್ಡವರೂ ಪಕ್ಕದಲ್ಲಿ ಕೂತು ಐದು ನಿಮಿಷ ನೋಡಲಿ. ಏನು ಕಟ್ಟುತ್ತಿದ್ದಾಳೆ ಅಂತ ಕೇಳಲಿ.

ಬೆಣ್ಣೆದೋಸೆ_ಊರು
ಮೇಡಂ, ಹಾಲಿನಲ್ಲೇ ಇಡುತ್ತೇನೆ. ವ್ಯಾಲೊರಂಟ್ ಸದ್ಯಕ್ಕೆ ಬೇಡ ಅಂತ ಅವಳ ಅಮ್ಮನೂ ಹೇಳಿದಳು. ಹಾಗಾದರೆ 5600ಜಿ ಸಾಕು ಅಲ್ವಾ?

ಚಿಪ್‌ಹುಳು
ಸಾಕು, ಧಾರಾಳವಾಗಿ ಸಾಕು. ನಾಳೆ ವ್ಯಾಲೊರಂಟ್‌ಗೆ ಒಪ್ಪಿಗೆ ಕೊಟ್ಟರೂ 1080ಪಿಯಲ್ಲಿ ಸೆಟ್ಟಿಂಗ್ ಇಳಿಸಿದರೆ 100 ಫ್ರೇಮ್ ದಾಟುತ್ತದೆ. ಆದರೆ ಒಂದು ಷರತ್ತು. 16 ಜಿಬಿ ಅಂದರೆ ಒಂದೇ 16ರ ಕಡ್ಡಿಯೋ, 8ರ ಎರಡು ಕಡ್ಡಿಯೋ ಕೇಳಿ. ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ಈ ರ‍್ಯಾಮನ್ನೇ ಹಂಚಿಕೊಳ್ಳುತ್ತದೆ. ಒಂದೇ ಕಡ್ಡಿ ಇದ್ದರೆ ಒಂದೇ ದಾರಿ, ಎರಡಿದ್ದರೆ ಎರಡು ದಾರಿ. ಬಾವಿಗೆ ಒಂದು ರಾಟೆ ಇರೋದಕ್ಕೂ ಎರಡು ಇರೋದಕ್ಕೂ ಇರುವ ವ್ಯತ್ಯಾಸ. ಡಿಡಿಆರ್4 3200 ಆಗಿರಲಿ.

ಕಡಲಮಗ
ಇದನ್ನು ಎರಡು ಸಲ ಓದಿ ಸರ್. 5600ಜಿ ತೆಗೆದುಕೊಂಡು ಒಂದೇ ಕಡ್ಡಿ ಹಾಕಿಸಿ "ಎಎಂಡಿ ಸ್ಲೋ" ಅಂತ ಬೈಯುವವರೇ ಜಾಸ್ತಿ.

ಬೆಣ್ಣೆದೋಸೆ_ಊರು
ಕೇಳಿದೆ. ಒಂದೇ 16ರದ್ದು ಅಂತೆ. ಎರಡು 8 ಹಾಕಲು ಹೇಳಿದೆ, 600 ರೂಪಾಯಿ ಜಾಸ್ತಿ ಆಗುತ್ತದೆ ಅಂದರು. ಒಪ್ಪಿದೆ. ಮದರ್‌ಬೋರ್ಡ್ ಬಿ450 ಕೊಡುತ್ತಾರಂತೆ. ಸರಿನಾ?

ರಾತ್ರಿಪಾಳಿ
ಸರಿ. ಆದರೆ ಬಿ450 ಬಂದಾಗ 5000 ಸಾಲಿನ ಚಿಪ್‌ಗಳೇ ಇರಲಿಲ್ಲ. ಹಳೇ ಸ್ಟಾಕ್ ಆದರೆ ಬಯೋಸ್ ಅಪ್‌ಡೇಟ್ ಆಗದೆ ಆನ್ ಆಗಲ್ಲ. ಡಬ್ಬದ ಮೇಲೆ "ರೈಜನ್ 5000 ರೆಡಿ" ಸ್ಟಿಕ್ಕರ್ ಇದೆಯಾ ನೋಡಿ. ಇಲ್ಲದಿದ್ದರೆ ಅವರಿಂದಲೇ ಅಪ್‌ಡೇಟ್ ಮಾಡಿಸಿ ತನ್ನಿ. ಪ್ರೊಸೆಸರ್ ಸೀಲ್ ಆದ ಡಬ್ಬದಲ್ಲೇ ಬರಲಿ. ಡಬ್ಬದ್ದಕ್ಕೆ ಕಂಪನಿಯ ಮೂರು ವರ್ಷ ವಾರಂಟಿ, ಜೊತೆಗೆ ಫ್ಯಾನೂ ಬರುತ್ತದೆ. ಬಿಡಿಯಾಗಿ ಟ್ರೇಯಲ್ಲಿ ಬಂದದ್ದಾದರೆ ಅಂಗಡಿಯವರು ಕೊಟ್ಟಷ್ಟೇ ವಾರಂಟಿ.

ಪಾದಚಾರಿ
ಬೆಂಗಳೂರಿಗೆ ಬಂದು ಕಂಪ್ಯೂಟರ್ ಅಂಗಡಿಗಳ ಸಾಲಿರುವ ಎಸ್‌ಪಿ ರೋಡಲ್ಲಿ ತೆಗೆದುಕೊಳ್ಳಿ, ನಾಲ್ಕು ಕಡೆ ಕೇಳಬಹುದು.

ತುಂಗಾತೀರ
ಬಸ್ ಚಾರ್ಜು, ಒಂದು ದಿನದ ಅಂಗಡಿ ವ್ಯಾಪಾರ ಲೆಕ್ಕ ಹಾಕಿದರೆ ಉಳಿಯೋದೇನು? ಏನಾದರೂ ಕೆಟ್ಟರೆ ಮತ್ತೆ ಹೊತ್ತುಕೊಂಡು ಹೋಗಬೇಕು. ಊರಲ್ಲೇ ತೆಗೆದುಕೊಳ್ಳಿ.

ಪಾದಚಾರಿ
ಅದೂ ಹೌದು.

ಲೈನ್‌ಮನ್_ಶೆಟ್ರು
ಪ್ರೊಸೆಸರ್ ವಿಷಯ ನಿಮಗೆ ಬಿಟ್ಟಿದ್ದು. ನಾನು ಮೂವತ್ತು ವರ್ಷ ಕರೆಂಟಿನ ಕೆಲಸ ಮಾಡಿದವನು, ನನ್ನದೊಂದು ಪ್ರಶ್ನೆ. ನಿಮ್ಮ ಮನೆಯಲ್ಲಿ ಅರ್ಥಿಂಗ್ ಸರಿ ಇದೆಯಾ? ಟೆಸ್ಟರ್ ತೆಗೆದುಕೊಂಡು ಓಡುತ್ತಿರುವ ಕಂಪ್ಯೂಟರಿನ ಹಿಂದಿನ ಸ್ಕ್ರೂ ಮುಟ್ಟಿಸಿ. ದೀಪ ಉರಿದರೆ ಅರ್ಥಿಂಗ್ ಇಲ್ಲ. ಎಸ್‌ಎಂಪಿಎಸ್ ಒಳಗೆ ಕರೆಂಟಿನ ಗಲೀಜು ಸೋಸುವ ಸಣ್ಣ ಕೆಪಾಸಿಟರ್‌ಗಳು ಇರುತ್ತವೆ, ಅವುಗಳಿಂದ ಸ್ವಲ್ಪ ಕರೆಂಟ್ ತಗಡಿಗೆ ಬರುತ್ತದೆ. ಅರ್ಥಿಂಗ್ ಇದ್ದರೆ ಅದು ಭೂಮಿಗೆ ಇಳಿದುಹೋಗುತ್ತದೆ. ಇಲ್ಲದಿದ್ದರೆ ಪೆನ್‌ಡ್ರೈವ್ ಹಾಕಲು ಹೋದ ಮಗುವಿನ ಕೈ ಜುಮ್ ಅನ್ನುತ್ತದೆ. ಬರಿಗಾಲಲ್ಲಿ ನೆಲದ ಮೇಲೆ ನಿಂತಿದ್ದರಂತೂ ಚೆನ್ನಾಗೇ ಹೊಡೆಯುತ್ತದೆ. ಮೂರು ಪಿನ್ ಪ್ಲಗ್ಗಿನ ದಪ್ಪ ಪಿನ್ ಮುರಿದು ಎರಡು ಪಿನ್ ಸಾಕೆಟ್ಟಿಗೆ ಸಿಕ್ಕಿಸುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಹುಬ್ಳಿ_ಗಿರ್ಮಿಟ್
ಶೆಟ್ರ, ಭಾಳ ಛಲೋ ಹೇಳಿದ್ರಿ. ನಮ್ಮ ಮನ್ಯಾಗ ಇದ ಆಗಿತ್ತು, ಕಂಪ್ಯೂಟರ್ ಕೆಟ್ಟದ ಅಂತ ತಿಳ್ಕೊಂಡಿದ್ವಿ.

ಬೆಣ್ಣೆದೋಸೆ_ಊರು
ಶೆಟ್ರೇ, ಇದು ನನ್ನ ತಲೆಗೇ ಹೊಳೆದಿರಲಿಲ್ಲ. ಎಲೆಕ್ಟ್ರಿಷಿಯನ್‌ಗೆ ಬರಲು ಹೇಳಿದ್ದೇನೆ. ಯುಪಿಎಸ್ ಬೇಕಾ? ನಮ್ಮ ಕಡೆ ದಿನಕ್ಕೆರಡು ಸಲ ಕರೆಂಟ್ ಹೋಗುತ್ತದೆ.

ಲೈನ್‌ಮನ್_ಶೆಟ್ರು
ಬೇಕು. 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಕೊಡುತ್ತದೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಈ ಕಂಪ್ಯೂಟರ್, ಮಾನಿಟರ್ ಎರಡೂ ಸೇರಿ 150 ದಾಟೋದು ಕಷ್ಟ. ಉಳಿಸಿ ಬಂದ್ ಮಾಡುವಷ್ಟು ಹೊತ್ತು ಸಿಗುತ್ತದೆ.

ಕುಂದಾನಗರಿ
ಎಸ್‌ಎಂಪಿಎಸ್‌ನಲ್ಲಿ ಮಾತ್ರ ಉಳಿತಾಯ ಮಾಡಬೇಡಿ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವುದು ಬೇಡ. ಒಳ್ಳೆ ಕಂಪನಿಯ 450 ಅಥವಾ 550 ವ್ಯಾಟ್‌ದು ಹಾಕಿಸಿ, ಮುಂದೆ ಕಾರ್ಡ್ ಬಂದರೂ ಅದೇ ನಡೆಯುತ್ತದೆ.

ನುಡಿಗಾರ
ಮಗಳಿಗೆ ಕನ್ನಡ ಟೈಪಿಂಗ್ ಕಲಿಸಿ ಸರ್. ಕೆ.ಪಿ. ರಾವ್ ಅವರ ವಿನ್ಯಾಸದ ಕೀಲಿಮಣೆ ಒಂದು ವಾರದಲ್ಲಿ ಕೈಗೆ ಕೂರುತ್ತದೆ. ಮೈನ್‌ಕ್ರಾಫ್ಟ್‌ನಲ್ಲಿ ಅಂಗಡಿ ಬೋರ್ಡು ಕಟ್ಟಿದ್ದಾಳೆ ಅಂದಿರಲ್ಲ, ಅದರಲ್ಲಿ ಕನ್ನಡ ಬರೆಯಲಿ.

ಗೇಮ್‌ಭಂಡಾರ
ಜಾವಾ ಎಡಿಷನ್‌ನಲ್ಲಿ ಕನ್ನಡ ಅಕ್ಷರ ಬರುತ್ತೆ, ಒತ್ತಕ್ಷರ ಸರಿಯಾಗಿ ಕೂರುತ್ತಾ ಪರೀಕ್ಷೆ ಮಾಡಬೇಕು. ಪಿಸಿಯಲ್ಲಿ ಜಾವಾ, ಬೆಡ್‌ರಾಕ್ ಎರಡನ್ನೂ ಒಟ್ಟಿಗೇ ಮಾರುತ್ತಾರೆ, ಒಂದು ಸಲ ಕೊಂಡರೆ ಸಾಕು. ಫೋನಿನವರ ಜೊತೆ ಆಡಬೇಕಾದರೆ ಬೆಡ್‌ರಾಕ್ ತೆರೆಯಲಿ.

ಬೆಣ್ಣೆದೋಸೆ_ಊರು
ಎಲ್ಲರಿಗೂ ಮತ್ತೆ ನಮಸ್ಕಾರ. ಒಂಬತ್ತು ದಿನ ಆಯಿತು. ತಂದೆವು!

5600ಜಿ, ಬಿ450, 8ರ ಎರಡು ರ‍್ಯಾಮ್, 500 ಜಿಬಿ ಎಸ್‌ಎಸ್‌ಡಿ, 550 ವ್ಯಾಟ್ ಎಸ್‌ಎಂಪಿಎಸ್, 22 ಇಂಚಿನ ಮಾನಿಟರ್. 49,700 ಆಯಿತು. ಯುಪಿಎಸ್ ಅಂಗಡಿಯದೇ ಒಂದು ಇತ್ತು. ಬಿಲ್ಲಿನಲ್ಲಿ ಒಂದೊಂದಕ್ಕೂ ಮಾಡೆಲ್ ನಂಬರ್, ಸೀರಿಯಲ್ ನಂಬರ್ ಬರೆಸಿದೆ. ಅರ್ಥಿಂಗ್ ಇರಲೇ ಇಲ್ಲ ಶೆಟ್ರೇ. ಹಾಲಿನ ಸಾಕೆಟ್ಟಿಗೆ ತಂತಿಯನ್ನೇ ಎಳೆದಿರಲಿಲ್ಲ. ಈಗ ಸರಿ ಮಾಡಿಸಿದೆ.

ಜೋಡಿಸಿ ಕೊಡುತ್ತೇವೆ ಅಂದರು, ಮಗಳು ಬೇಡ ಅಂದಳು. ಬಯೋಸ್ ಮಾತ್ರ ಅಲ್ಲೇ ನೋಡಿ ಕೊಟ್ಟರು. ಭಾನುವಾರ ಊಟದ ಟೇಬಲ್ ಮೇಲೆ ಹಳೇ ಬೆಡ್‌ಶೀಟ್ ಹಾಸಿ ಶುರು ಮಾಡಿದೆವು. ಪ್ರೊಸೆಸರ್ ಅನ್ನು ಅವಳೇ ಎತ್ತಿದಳು, ಅಂಚು ಹಿಡಿದು, ಹಪ್ಪಳ ಎತ್ತುವ ಹಾಗೆ. ಕೆಳಗೆ ಸೂಜಿಯಂಥ ಪಿನ್ನುಗಳು, ನನಗೇ ಕೈ ನಡುಗುತ್ತಿತ್ತು. ಒಂದು ಮೂಲೆಯಲ್ಲಿ ಚಿನ್ನದ ಬಣ್ಣದ ತ್ರಿಕೋನ ಇದೆ, ಸಾಕೆಟ್ಟಿನಲ್ಲೂ ಅದೇ ಗುರುತು. ಎರಡನ್ನೂ ಹೊಂದಿಸಿ ಬಿಟ್ಟಳು, ಒತ್ತಲೇ ಇಲ್ಲ. ತಾನಾಗೇ ಇಳಿದು ಕೂತಿತು. ಆಮೇಲೆ ಪಕ್ಕದ ಕಡ್ಡಿಯನ್ನು ಕೆಳಗೆ ಒತ್ತಿದಳು.

ಫ್ಯಾನಿನ ನಾಲ್ಕು ಸ್ಕ್ರೂ ನಾನು ಹಾಕಿದೆ. ಆನ್ ಮಾಡಿದರೆ ಪರದೆ ಕಪ್ಪು. ಮಗಳ ಮುಖ ಸಣ್ಣಗಾಯಿತು. ಬೋರ್ಡಿನ ಮೂಲೆಯಲ್ಲಿ ಒಂದು ಪುಟ್ಟ ಕೆಂಪು ದೀಪ, ಅದರ ಪಕ್ಕ ಡಿರ‍್ಯಾಮ್ ಅಂತ ಬರೆದಿದೆ. ಅವಳೇ ಓದಿ "ಅಪ್ಪಾ, ರ‍್ಯಾಮ್ ಸರಿ ಕೂತಿಲ್ಲ" ಅಂದಳು. ಆಫ್ ಮಾಡಿ ಎರಡನ್ನೂ ತೆಗೆದು ಮತ್ತೆ ಒತ್ತಿದೆವು. ಟಕ್ ಅಂತ ಸದ್ದು ಬಂತು. ಮೊದಲ ಸಲ ಆ ಸದ್ದು ಬಂದಿರಲಿಲ್ಲ ಅಂತ ಆಗ ನೆನಪಾಯಿತು.

ಸಿಲಿಕಾನ್_ಸುಬ್ಬಿ
ಓದಿ ಕಣ್ಣು ತುಂಬಿತು ಸರ್. ದೀಪ ನೋಡಿ ಕಾರಣ ಹುಡುಕಿದಳಲ್ಲ, ನಮ್ಮ ಲ್ಯಾಬಿನಲ್ಲಿ ನಾವು ದಿನಾ ಮಾಡೋದೂ ಅದನ್ನೇ. ಅವಳಿಗೆ ಹೇಳಿ.

ಲೈನ್‌ಮನ್_ಶೆಟ್ರು
ಅರ್ಥಿಂಗ್ ಹಾಕಿಸಿದಿರಲ್ಲ, ನನಗೆ ಅಷ್ಟು ಸಾಕು.

ಚಿಪ್‌ಹುಳು
ಅಭಿನಂದನೆ! ರ‍್ಯಾಮ್ ಎರಡನೇ ಮತ್ತು ನಾಲ್ಕನೇ ಸ್ಲಾಟಿನಲ್ಲಿ ಇದೆಯಾ? ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ಒತ್ತಿ ವೇಗ ಎಷ್ಟು ತೋರಿಸುತ್ತದೆ ನೋಡಿ.

ಬೆಣ್ಣೆದೋಸೆ_ಊರು
ಎರಡು, ನಾಲ್ಕರಲ್ಲೇ ಇದೆ. ವೇಗ 2400 ತೋರಿಸುತ್ತಿದೆ.

ಚಿಪ್‌ಹುಳು
ಬಯೋಸ್‌ಗೆ ಹೋಗಿ ಎಕ್ಸ್‌ಎಂಪಿ ಆನ್ ಮಾಡಿ. ಕೆಲವು ಬೋರ್ಡುಗಳಲ್ಲಿ ಡಿಒಸಿಪಿ ಅಂತ ಇರುತ್ತದೆ. 3200 ಆಗುತ್ತದೆ. ನೀವು ಕೊಟ್ಟ ದುಡ್ಡಿನ ವೇಗ ಅದು, ಬಿಡಬೇಡಿ.

ಬೆಣ್ಣೆದೋಸೆ_ಊರು
ಆಯಿತು, 3200 ಬಂತು. ಕೊನೆಯದಾಗಿ ಇನ್ನೊಂದು. ಮಾನಿಟರ್ ಡಬ್ಬದ ಮೇಲೆ 100 ಹರ್ಟ್ಜ್ ಅಂತಿದೆ, ಆದರೆ ಮಗಳು 60 ಮಾತ್ರ ತೋರಿಸ್ತಿದೆ ಅಂತಿದ್ದಾಳೆ. ಮೋಸ ಆಯ್ತಾ?

ಗೇಮ್‌ಭಂಡಾರ
ಇಲ್ಲ ಸರ್. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್ಪ್ಲೇ, ಅಡ್ವಾನ್ಸ್ಡ್ ಡಿಸ್ಪ್ಲೇ. ಅಲ್ಲಿ 60 ಇರುವ ಕಡೆ ಒತ್ತಿ 100 ಆರಿಸಿ. ಫ್ರೇಮ್ ಲೆಕ್ಕ ಹಾಕಲ್ಲ ಅಂದಿದ್ದರು, ನೋಡಿದ್ರಾ ರಾತ್ರಿಪಾಳಿ ಅಣ್ಣ?

ರಾತ್ರಿಪಾಳಿ
ಒಪ್ಪಿದೆ, ನಿನ್ನ ತಂಗಿಯ ಮಾತೇ ಸರಿ.

ಬೆಣ್ಣೆದೋಸೆ_ಊರು
100 ಬಂತು. ಅಂಗಡಿಯ ಮೇಲೆ ಈಗ ಎರಡನೇ ಮಹಡಿ ಕಟ್ಟುತ್ತಿದ್ದಾಳೆ, ಸೀರೆ ಸೆಕ್ಷನ್ ಅಂತೆ.